ಮಡಕಿ ಕಾಳಿನ ಒಂದು ತುತ್ತು

ರಾತ್ರಿಯಿಡೀ ಅತ್ತ ಮೂರು ತಿಂಗಳ ಮಗಳು ಇವತ್ತು ಬೆಳಿಗ್ಗೆ ಕೊನೆಗೂ ಮಲಗಿದಳು, ಗೆಳತಿಯರೇ. ಹಸಿದ ಹೊಟ್ಟೆಯಲ್ಲೇ ಮನೆಮಂದಿಗೆಲ್ಲ ರೊಟ್ಟಿ ಬಡಿದೆ. ಮೊಳಕೆ ಬಂದ ಮಡಕಿ ಕಾಳಿಗೆ ಬೆಳ್ಳುಳ್ಳಿ, ಗುರೆಳ್ಳು ಪುಡಿ ಹಾಕಿ ಪಲ್ಯ ಮಾಡಿದೆ. ಘಮಘಮ.

"ಕಾಳು ನಿನಗಲ್ಲವ್ವಾ. ಬಾಣಂತಿ ತಿಂದ್ರ ಕೂಸಿಗೆ ವಾಯು ಆಗತೈತಿ" ಎಂದರು ಅತ್ತೆ.

"ಕುಷ್ಟಗಿ ಡಾಕ್ಟರಮ್ಮ ತಿನ್ನಬಹುದು ಅಂದಾರ್ರಿ."

"ರಾತ್ರಿ ಕೂಸಿನ್ನ ಎತ್ಕೊಂಡು ಅಡ್ಡಾಡಾಕ ಆಕಿ ಬರ್ತಾಳೇನು?"

ಒಂದು ತುತ್ತು ಬಾಯಿಗಿಟ್ಟೆ. ಅಷ್ಟರಲ್ಲಿ ಒಳಗೆ ಮಗಳು ಚಿಟ್ಟನೆ ಚೀರಿದಳು.

"ನೋಡು, ಆತಿಲ್ಲೋ ವಾಯು!"

ನಾನು ಬಿ.ಎಸ್ಸಿ. ಓದಿದವಳು. ಆದರೂ ಅತ್ತೆಯ ಮಾತೇ ನಿಜವೇನೋ ಎಂದು ತಟ್ಟೆ ಬಿಟ್ಟು ಓಡಿದೆ. ತುತ್ತು ಇನ್ನೂ ನನ್ನ ಬಾಯಲ್ಲೇ ಇತ್ತು, ನುಂಗಿರಲಿಲ್ಲ. ವಾಯು ಮಾತ್ರ ಆಗಲೇ ತೊಟ್ಟಿಲು ಮುಟ್ಟಿತ್ತಂತೆ.