ನೀಲಿ ಹೂವಿನ ಗುರುತು

ನಮ್ಮ ಇಗರ್ಜಿಯ ಪರಿಸರ ಸಮಿತಿಗೆ ನನ್ನನ್ನು ಸಂಚಾಲಕಿ ಮಾಡಿದ್ದು ಪರಿಸರದ ಬಗ್ಗೆ ನನಗೆ ಬಹಳ ಗೊತ್ತಿದೆ ಎಂದಲ್ಲ, ಬೈಯಲು ಚೆನ್ನಾಗಿ ಬರುತ್ತದೆ ಎಂದು. ಮೂವತ್ತೈದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು ನಾನು. ಮೂಡುಬಿದಿರೆ ಕಡೆಯ ನಮ್ಮ ಊರಿನಲ್ಲಿ ಭಾನುವಾರ ಪೂಜೆ ಮುಗಿಸಿ ಹೊರಬರುವವರಲ್ಲಿ ಅರ್ಧಕ್ಕರ್ಧ ಜನ ಒಂದು ಕಾಲದಲ್ಲಿ ನನ್ನಿಂದ ಕಿವಿ ಹಿಂಡಿಸಿಕೊಂಡವರೇ. ನಾನು ಎದುರಿಗೆ ಬಂದರೆ ಈಗಲೂ ಕೆಲವರು ಕೈಯಲ್ಲಿದ್ದ ಐಸ್‌ಕ್ರೀಮ್ ಕಪ್ಪನ್ನು ಹಿಂದೆ ಮರೆಮಾಡುತ್ತಾರೆ.

ಪ್ರತಿ ವಾರ್ಡಿನವರು ಪರಿಸರಕ್ಕಾಗಿ ಒಂದೊಂದು ಕೆಲಸ ವಹಿಸಿಕೊಳ್ಳಬೇಕು ಎಂದು ಫಾದರ್ ಪ್ರಕಟಣೆ ಓದಿದಾಗ, ಜಾಣರೆಲ್ಲ ಸುಲಭದ್ದನ್ನು ಮೊದಲೇ ಹಿಡಿದುಕೊಂಡರು. ಒಂದು ವಾರ್ಡಿನವರು ಗಿಡ ನೆಟ್ಟರು. ಫೋಟೋದಲ್ಲಿ ಒಂದು ಗಿಡಕ್ಕೆ ಹನ್ನೆರಡು ಕೈ; ಮರುದಿನ ನೀರು ಹಾಕಲು ಒಂದು ಕೈಯೂ ಇಲ್ಲ. ಇನ್ನೊಂದು ವಾರ್ಡಿನವರು ಹಬ್ಬದ ಊಟಕ್ಕೆ ಪ್ಲಾಸ್ಟಿಕ್ ಲೋಟ ಬೇಡ, ಸ್ಟೀಲ್ ಲೋಟ ಸಾಕು ಅಂದರು. ನಮ್ಮ ವಾರ್ಡಿನ ಮುಖ್ಯಸ್ಥರು, ನಾವು ಗುರಿಕಾರರು ಎನ್ನುವವರು, ನಿಧಾನದ ಮನುಷ್ಯ. ಅವರು ಬಾಯಿ ತೆರೆಯುವ ಹೊತ್ತಿಗೆ ಉಳಿದದ್ದು ಸಿಮೆಟ್ರಿ, ಅಂದರೆ ಇಗರ್ಜಿಯ ಸ್ಮಶಾನ, ಒಂದೇ.

ಕೆಲಸಗಳ ಪಟ್ಟಿಗೆ ಸಿಮೆಟ್ರಿ ಸೇರಿದ್ದಕ್ಕೂ ಒಂದು ಕಾರಣವಿತ್ತು. ಇಗರ್ಜಿಯ ಗುಡ್ಡದ ಕೆಳಗೆ ಜೈನ ಹಿರಿಯರೊಬ್ಬರ ಗದ್ದೆಯಿದೆ. ಆ ಮಳೆಗಾಲದಲ್ಲಿ ಅವರು ಒಂದು ಬುಟ್ಟಿ ಹಿಡಿದು ಫಾದರ್ ಮನೆಗೆ ಬಂದಿದ್ದರು. ಬುಟ್ಟಿಯ ತುಂಬ ಪ್ಲಾಸ್ಟಿಕ್ ಗುಲಾಬಿ, ಜರಿಯ ತುಂಡು, ಕರಗಿ ಉಳಿದ ಮೇಣದಬತ್ತಿಯ ಬುಡ, ಥರ್ಮಾಕೋಲಿನ ಅರ್ಧ ಶಿಲುಬೆ.

"ಜಗಳಕ್ಕೆ ಬಂದದ್ದಲ್ಲ ಫಾದರ್," ಅಂದರಂತೆ. "ನೀವು ಸತ್ತವರಿಗೆ ಇಟ್ಟ ಹೂ ಮಳೆಗೆ ನನ್ನ ಗದ್ದೆಗೆ ಬರ್ತದೆ. ಇನ್ನೊಬ್ಬರು ಭಕ್ತಿಯಲ್ಲಿ ಇಟ್ಟದ್ದನ್ನು ನಾನು ಹೇಗೆ ಬಿಸಾಡುವುದು? ಅದಕ್ಕೇ ತಂದೆ."

ಬೈದಿದ್ದರೆ ನಾವೂ ನಾಲ್ಕು ಮಾತು ಆಡಿ ಮರೆತುಬಿಡುತ್ತಿದ್ದೆವೋ ಏನೋ. ಅವರು ಮರ್ಯಾದೆಯಿಂದ ಬುಟ್ಟಿ ಇಟ್ಟು ಹೋದರು. ಮೂರು ಭಾನುವಾರ ಪ್ರಕಟಣೆ ಓದಿಸಿದೆವು: ಇನ್ನು ಸಮಾಧಿಗಳ ಮೇಲೆ ಪ್ಲಾಸ್ಟಿಕ್ ಹೂ ಇಡಬಾರದು, ಹಳೆಯದನ್ನು ಸಮಿತಿಯವರು ತೆಗೆಯುತ್ತಾರೆ. ಪ್ರಕಟಣೆ ಬರೆದುಕೊಟ್ಟವಳು ನಾನು. "ಹೂ ಅಂದ ಮೇಲೆ ಬಾಡಬೇಕು" ಎಂಬ ಒಂದು ಸಾಲನ್ನೂ ಸೇರಿಸಿದ್ದೆ. ಅದು ಎಲ್ಲರಿಗೂ ಹಿಡಿಸಿತು. ನನಗಂತೂ ಎಲ್ಲರಿಗಿಂತ ಹೆಚ್ಚು.

ಅಕ್ಟೋಬರಿನ ಕೊನೆಯ ಶನಿವಾರ ನಾವು ಏಳೆಂಟು ಜನ ಕೆಲಸಕ್ಕೆ ಇಳಿದೆವು. ಗಲ್ಫಿನಿಂದ ರಜೆಯಲ್ಲಿ ಬಂದಿದ್ದ ಒಬ್ಬರು ಹುಲ್ಲು ಕೊಚ್ಚುವ ಯಂತ್ರ ತಂದರು. ಗುರಿಕಾರರ ಹೆಂಡತಿ ಗಂಜಿ, ಚಟ್ನಿ ತಂದರು. ನಾನು ಬಾಯಿ ತಂದಿದ್ದೆ. "ಆ ಮೂಲೆ ನೋಡಿ, ಈ ಕಲ್ಲಿನ ಹಿಂದೆ ನೋಡಿ, ಒಂದೂ ಬಿಡಬಾರದು" ಎಂದು ಬೊಬ್ಬೆ ಹೊಡೆಯುತ್ತಲೇ ಇದ್ದೆ.

ಮೇಲಿನ ಭಾಗದಲ್ಲಿ ಕಲ್ಲು ಕಟ್ಟಿಸಿ ಹೆಸರು ಕೊರೆಸಿದ ಸಮಾಧಿಗಳು. ಕೆಳಗೆ ಇಳಿಜಾರಿನಲ್ಲಿ ಬರೀ ಮಣ್ಣು. ಅಲ್ಲಿ ನೆಟ್ಟ ಮರದ ಶಿಲುಬೆಯನ್ನು ಗೆದ್ದಲು ಕೆಲವೇ ವರ್ಷದಲ್ಲಿ ಮುಗಿಸುತ್ತದೆ. ಆ ಇಳಿಜಾರಿನ ಒಂದು ಮೂಲೆ ಎಳೆಗೂಸುಗಳದ್ದು. ಈಗ ಅಲ್ಲಿ ಯಾರನ್ನೂ ಹೂಳುವುದಿಲ್ಲ. ಹುಲ್ಲು ಕೊಚ್ಚಿದ ಮೇಲೆ ಅಲ್ಲೊಂದು ಕೆಂಪು ಮುರಕಲ್ಲಿನ ತುಂಡು ಕಂಡಿತು. ಅದಕ್ಕೆ ನೀಲಿ ಪ್ಲಾಸ್ಟಿಕ್ ಹೂವಿನ ಒಂದು ಗೊಂಚಲನ್ನು ತಂತಿಯಲ್ಲಿ ಬಿಗಿಯಾಗಿ ಸುತ್ತಿ ಕಟ್ಟಿದ್ದರು. ಎಳೆದೆ, ಬರಲಿಲ್ಲ. ಹಠ ಹಿಡಿದು ಎಳೆದಾಗ ತಂತಿ ಬೆರಳಿಗೆ ಆಳವಾಗಿಯೇ ಚುಚ್ಚಿತು. ಆ ಸಿಟ್ಟಿಗೆ ಹೂವನ್ನು ಗೋಣಿಗೆ ತುಂಬಿ, ಕಲ್ಲನ್ನೂ ಕಿತ್ತು ಚರಂಡಿಯ ಅಂಚಿಗೆ ಕಲ್ಲು ಜೋಡಿಸುತ್ತಿದ್ದವರ ಕಡೆ ಉರುಳಿಸಿದೆ. ಮಧ್ಯಾಹ್ನದ ಹೊತ್ತಿಗೆ ಗೋಣಿಗಳೆಲ್ಲ ಪಂಚಾಯತಿನ ಒಣಕಸದ ಗಾಡಿ ಹತ್ತಿದವು. ಗುಡ್ಡ ಚೊಕ್ಕವಾಯಿತು. ನಾವು ಗಂಜಿ ಉಂಡು, ನಮ್ಮನ್ನು ನಾವೇ ಹೊಗಳಿಕೊಂಡು ಮನೆಗೆ ಹೋದೆವು.

ನವೆಂಬರ್ ಎರಡು, ಸತ್ತವರ ಆತ್ಮಗಳಿಗಾಗಿ ಪ್ರಾರ್ಥಿಸುವ ದಿನ. ಸಂಜೆಯ ಪೂಜೆ ಸಿಮೆಟ್ರಿಯಲ್ಲೇ. ಮುಗಿದ ಮೇಲೆ ಅವರವರ ಮನೆಯವರ ಸಮಾಧಿಯ ಬಳಿ ಅವರವರು ಹೋಗಿ ನಿಲ್ಲುತ್ತಾರೆ. ಫಾದರ್ ಒಂದೊಂದಕ್ಕೂ ತೀರ್ಥ ಚಿಮುಕಿಸುತ್ತ ಬರುತ್ತಾರೆ. ಆ ವರ್ಷ ಎಲ್ಲೆಲ್ಲೂ ಸೇವಂತಿಗೆ, ಅಬ್ಬಲಿಗೆ, ತೋಟದ ದಾಸವಾಳ. ಒಂದು ಪ್ಲಾಸ್ಟಿಕ್ಕೂ ಇಲ್ಲ. ನಾನು ಪರೀಕ್ಷೆಯ ಹಾಲಿನಲ್ಲಿ ತಿರುಗುವ ಹಾಗೆ ಕೈ ಹಿಂದೆ ಕಟ್ಟಿಕೊಂಡು ತಿರುಗುತ್ತಿದ್ದೆ.

ಆಗ ಕಂಡದ್ದು ಆಕೆ. ಗಂಡ ತೀರಿದ ಮೇಲೆ ಊರು ಬಿಟ್ಟು, ಲಾಯಿಲದಲ್ಲಿ ತಂಗಿಯ ಮನೆಯಲ್ಲಿದ್ದು ಒಂದು ಹಾಸ್ಟೆಲಿನಲ್ಲಿ ಅಡುಗೆ ಮಾಡುವ ಹೆಂಗಸು. ವರ್ಷದಲ್ಲಿ ಈ ಒಂದು ದಿನ ಮಾತ್ರ ಇಲ್ಲಿಗೆ ಬರುತ್ತಾರೆ. ನನಗಿಂತ ಮೂರು ನಾಲ್ಕು ವರ್ಷ ದೊಡ್ಡವರು. ಇಳಿಜಾರಿನ ಆ ಮೂಲೆಯಲ್ಲಿ ಅತ್ತ ಹತ್ತು ಹೆಜ್ಜೆ, ಇತ್ತ ಹತ್ತು ಹೆಜ್ಜೆ ನಡೆಯುತ್ತಿದ್ದರು. ಒಂದು ಕೈಯಲ್ಲಿ ಹಚ್ಚದ ಮೇಣದಬತ್ತಿ. ಇನ್ನೊಂದು ಕೈಯ ಚೀಲದಿಂದ ನೀಲಿ ಪ್ಲಾಸ್ಟಿಕ್ ಹೂ ಇಣುಕುತ್ತಿತ್ತು. ನನ್ನ ಕಣ್ಣು ಮೊದಲು ಹೋದದ್ದು ಆ ಹೂವಿಗೆ.

"ಪ್ಲಾಸ್ಟಿಕ್ ತರಬಾರದು ಅಂತ ಮೂರು ವಾರ ಹೇಳಿದ್ದೇವಲ್ಲ ಬಾಯಿ," ಅಂದೆ, ನಾಲ್ಕು ಜನಕ್ಕೆ ಕೇಳಿಸುವ ಹಾಗೆ. ನಮ್ಮಲ್ಲಿ ಹೆಂಗಸರನ್ನು ಕರೆಯುವುದು ಬಾಯಿ ಎಂದೇ.

ಆಕೆ ಚೀಲವನ್ನು ಸೆರಗಿನ ಹಿಂದೆ ಸರಿಸಿಕೊಂಡರು. "ನನಗೆ ಗೊತ್ತಿರ್ಲಿಲ್ಲ ಟೀಚರ್. ಇದು ಇಡುವುದಿಲ್ಲ. ಹಳೇದು ಎಲ್ಲಿ ಇತ್ತು ಅಂತ ಒಮ್ಮೆ ತೋರಿಸಿದ್ರೆ ಸಾಕು. ನನ್ನ ಮಗು ಅದರ ಅಡಿಯಲ್ಲಿ ಇರುವುದು."

ಮೊದಲು ನನಗೆ ಬಂದದ್ದು ದುಃಖವಲ್ಲ, ಸಿಟ್ಟು. ಒಂದು ಮಗುವಿನ ಜಾಗವನ್ನು ಪ್ಲಾಸ್ಟಿಕ್ ಹೂವಿನ ಮೇಲೆ ನಂಬಿ ಬಿಡುವುದೇ? ಆದರೆ ಅವರು ಇನ್ನೇನನ್ನು ನಂಬಬೇಕಿತ್ತು? ಹಸಿ ಹೂ ಎರಡು ದಿನಕ್ಕೆ ಬಾಡುತ್ತದೆ. ಮರ ಗೆದ್ದಲಿಗೆ. ವರ್ಷಕ್ಕೊಮ್ಮೆ ಬರುವವರಿಗೆ, ಮುಂದಿನ ವರ್ಷದವರೆಗೆ ಕಾಯುವ ಗುರುತು ಬೇಕಿತ್ತು. ಕೆಂಪು ಹಳದಿ ಹೂಗಳ ನಡುವೆ ದೂರಕ್ಕೇ ಕಾಣಲಿ ಎಂದು ನೀಲಿಯನ್ನು ಆರಿಸಿದ್ದರು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ ನಾನು.

"ನಾವು ಎಲ್ಲಾ ತೆಗೆದೆವು ಬಾಯಿ," ಅಂದೆ. ಆ "ನಾವು" ಹೇಳಿದ್ದಕ್ಕೆ ಇಂದಿಗೂ ನಾಚಿಕೆಯಾಗುತ್ತದೆ. ಎಷ್ಟು ನೋಡಿದರೂ ಜಾಗ ನನಗೂ ತಿಳಿಯಲಿಲ್ಲ. ಕೊಚ್ಚಿದ ಹುಲ್ಲು, ಸಮ ಮಾಡಿದ ಮಣ್ಣು, ಎಲ್ಲಿ ನೋಡಿದರೂ ಒಂದೇ. ಅಷ್ಟರಲ್ಲಿ ಫಾದರ್ ಅಲ್ಲಿಗೆ ಬಂದು, ತೀರ್ಥ ಎಲ್ಲಿಗೆ ಎಂದು ಆಕೆಯ ಮುಖ ನೋಡಿದರು. ಆಕೆ ಕೈ ಎತ್ತಿದರು, ತೋರಿಸಲಾಗದೆ ಇಳಿಸಿದರು. ಫಾದರ್ ಕೈಬೀಸಿ ಇಡೀ ಮೂಲೆಗೆ ಚಿಮುಕಿಸಿದರು. ಕತ್ತಲಾಗುವ ಮೊದಲು ಬಸ್ಸು ಹಿಡಿಯಬೇಕಿತ್ತು. ಆಕೆ ಮೇಣದಬತ್ತಿ ಹಚ್ಚದೆಯೇ ಹೋದರು.

ಮರುದಿನದಿಂದ ನಾನು ಹುಡುಕಲು ಹೊರಟೆ. ಇಗರ್ಜಿಯ ದಫ್ತರದಲ್ಲಿ ಮಗುವಿನ ಹೆಸರಿತ್ತು, ತೀರಿಹೋದ ದಿನವಿತ್ತು. ಹೂಳಿದ್ದು ಎಲ್ಲಿ ಎಂದು ಇರಲಿಲ್ಲ. ನೀಲಿ ಹೂ ಸಿಕ್ಕರೂ ಜಾಗ ತಿಳಿಯುವುದಿಲ್ಲ ಎಂದು ಗೊತ್ತಿದ್ದೂ ಪಂಚಾಯತಿನ ಒಣಕಸದ ಶೆಡ್ಡಿಗೆ ಹೋಗಿ ನಿಂತೆ. ಅಲ್ಲಿ ಕೆಲಸ ಮಾಡುವ ಹೆಂಗಸು, "ಎಂತ ಹುಡುಕುವುದು ಬಾಯಮ್ಮ? ಚಿನ್ನ ಹೋಯ್ತಾ?" ಎಂದು ಕೇಳಿದಳು. ಸಿಮೆಟ್ರಿಗೆ ಮರಳಿ ಚರಂಡಿಯ ಅಂಚಿನಲ್ಲಿ ಕೂತು ಕಲ್ಲುಗಳನ್ನೂ ನೋಡಿದೆ. ಎಲ್ಲವೂ ಕೆಂಪು ಮುರಕಲ್ಲು.

ಹಿಂದೆ ನಮ್ಮ ಸಿಮೆಟ್ರಿಯಲ್ಲಿ ಗುಂಡಿ ತೋಡುತ್ತಿದ್ದ ಮುದುಕರು ಈಗ ಮೆಲ್ಕಾರಿನಲ್ಲಿ ಮಗಳ ಮನೆಯಲ್ಲಿದ್ದಾರೆ ಎಂದು ಗುರಿಕಾರರು ಹೇಳಿದರು. ಇಬ್ಬರೂ ಬಸ್ಸು ಬದಲಿಸಿ ಹೋದೆವು. ಮುದುಕರಿಗೆ ಕಣ್ಣು ಕಾಣುತ್ತಿರಲಿಲ್ಲ, ಕಿವಿ ಚುರುಕಾಗಿತ್ತು. ನಮ್ಮ ಮಾತನ್ನೆಲ್ಲ ಕೇಳಿಸಿಕೊಂಡರು.

"ದೊಡ್ಡವರದ್ದು ಕೆಲವು ನೆನಪು ಉಂಟು," ಅಂದರು. "ಮಕ್ಕಳದ್ದು ನಾನು ನೆನಪು ಇಟ್ಕೊಳ್ತಿರ್ಲಿಲ್ಲ ಬಾಯಿ. ಇಟ್ಕೊಂಡ್ರೆ ಮನೆಗೆ ಹೋಗಿ ಊಟ ಮಾಡ್ಲಿಕ್ಕೆ ಆಗ್ತಿರ್ಲಿಲ್ಲ."

ಹಿಂದೆ ಬರುವಾಗ ಬಸ್ಸಿನಲ್ಲಿ ನನಗೆ ಅಳು ತಡೆಯಲಾಗಲಿಲ್ಲ. ಗುರಿಕಾರರು ಕಿಟಕಿಯ ಹೊರಗೆ ನೋಡುತ್ತ, "ಟೀಚರ್ ಅತ್ತದ್ದನ್ನು ನಾನು ಯಾರಿಗೂ ಹೇಳುವುದಿಲ್ಲ ಮಾರಾಯ್ರೇ," ಎಂದರು. ಮುಂದಿನ ಸಮಿತಿ ಸಭೆಯಲ್ಲಿ ಒಂದು ನಿಯಮ ಬರೆದುಕೊಂಡೆವು: ಯಾರದ್ದೆಂದು ಕೇಳದೆ ಸಿಮೆಟ್ರಿಯಿಂದ ಏನನ್ನೂ ತೆಗೆಯಬಾರದು. ನಿಯಮ ಒಳ್ಳೆಯದೇ. ಆಕೆಗೆ ಅದರಿಂದ ಏನೂ ಆಗಲಿಲ್ಲ.

ಕ್ರಿಸ್ಮಸ್ ಕಳೆದ ಮೇಲೆ ಆಕೆಗೆ ಫೋನ್ ಮಾಡಿದೆ. "ಜಾಗ ಸಿಗಲಿಲ್ಲ ಬಾಯಿ. ಆದ್ರೂ ಒಮ್ಮೆ ಬನ್ನಿ, ಒಟ್ಟಿಗೆ ಹೋಗುವ," ಅಂದೆ. ಒಂದು ಬುಧವಾರ ಬೆಳಿಗ್ಗೆ ಹಾಸ್ಟೆಲಿನಲ್ಲಿ ರಜೆ ಕೇಳಿ ಬಂದರು. ಗುಡ್ಡ ಹತ್ತುವಾಗ ಅರ್ಧ ದಾರಿಯಲ್ಲಿ ನಿಂತು, ಇನ್ನು ತಡೆದುಕೊಳ್ಳಲಾರದೆ ಹೇಳಿಬಿಟ್ಟೆ: ನಾವಲ್ಲ, ನಾನು. ನಾನೇ ಕಿತ್ತದ್ದು.

"ಗೊತ್ತುಂಟು," ಅಂದರು ಆಕೆ. "ಆ ದಿನ ನಿಮ್ಮ ಬೆರಳಿಗೆ ಬಟ್ಟೆ ಸುತ್ತಿತ್ತಲ್ಲ. ಆ ತಂತಿ ನನಗೂ ಪ್ರತಿ ವರ್ಷ ಚುಚ್ಚುತ್ತದೆ."

"ಮತ್ತೆ ಯಾಕೆ ಒಂದು ಮಾತು ಬೈಲಿಲ್ಲ?"

"ಬೈದ್ರೆ ನೀವು ಹುಡುಕ್ಲಿಕ್ಕೆ ಹೋಗ್ತಿದ್ರಾ?"

ಮೂಲೆಗೆ ಬಂದೆವು. ಹುಲ್ಲು ಒಣಗಿ ಹಳದಿಯಾಗಿತ್ತು. ಆಕೆ ಚಪ್ಪಲಿ ಬಿಟ್ಟು ಮೆಲ್ಲ ಮೆಲ್ಲ ಹೆಜ್ಜೆ ಇಟ್ಟರು, ಎಲ್ಲಿ ಯಾರ ಮೇಲೆ ಕಾಲಿಡುತ್ತೇನೋ ಎಂಬಂತೆ. ಮಗುವಿನ ಬಗ್ಗೆ ತಾವಾಗಿ ಹೇಳತೊಡಗಿದರು. ಹೆಣ್ಣು ಮಗು. ಮೂರು ತಿಂಗಳು ಬದುಕಿತ್ತು. ಒಂದು ಫೋಟೋ ಕೂಡ ಇಲ್ಲ. ಮನೆಯಲ್ಲಿ ಎಲ್ಲರೂ ಪಾಪು ಎಂದೇ ಕರೆಯುತ್ತಿದ್ದರು. ದೀಕ್ಷಾಸ್ನಾನದಲ್ಲಿ ಇಟ್ಟ ಹೆಸರನ್ನು ಹಿಡಿದು ಕರೆಯುವಷ್ಟು ಅದು ದೊಡ್ಡದಾಗಲೇ ಇಲ್ಲ. ಅದು ಹುಟ್ಟಿದ ವರ್ಷ ಹೇಳಿದಾಗ ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ನಾನು ಕೆಲಸಕ್ಕೆ ಸೇರಿದ ವರ್ಷ ಅದು ಒಂದನೇ ತರಗತಿಗೆ ಬರಬೇಕಿತ್ತು.

"ಇದ್ದಿದ್ರೆ ನಿಮ್ಮ ಕ್ಲಾಸಿಗೇ ಬರ್ತಿದ್ದಳು," ಎಂದು ಆಕೆಯೇ ಅಂದರು.

ಆಕೆ ನೆಲದಿಂದ ಕಣ್ಣೆತ್ತಿ ನನ್ನ ಕಡೆ ತಿರುಗಿದರು. "ಟೀಚರ್, ಅವಳು ಎಲ್ಲಿ ಅಂತ ನಮಗೆ ಗೊತ್ತಿಲ್ಲ. ಇರಲಿ. ನಾವು ಬಂದದ್ದು ಅವಳಿಗೆ ಗೊತ್ತಾಗಬೇಕಲ್ಲ. ನೀವು ಒಮ್ಮೆ ಹೆಸರು ಹಿಡಿದು ಕರೀರಿ. ನನಗೆ ಅಷ್ಟು ದೊಡ್ಡ ಸ್ವರ ಇಲ್ಲ."

ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ; ಅದು ತಾಯಿ ಮಗಳದು. ಮೊದಲ ಸಲ ಪಕ್ಕದಲ್ಲಿದ್ದ ಆಕೆಗಷ್ಟೇ ಕೇಳಿಸುವ ಹಾಗೆ ಕರೆದೆ.

"ಇನ್ನೂ ಸ್ವಲ್ಪ ದೊಡ್ಡದಾಗಿ."

ಎರಡನೇ ಸಲ, ಅಂಗಳದಲ್ಲಿ ಆಟವಾಡುತ್ತಿರುವ ಹುಡುಗಿಯೊಬ್ಬಳನ್ನು ತರಗತಿಗೆ ಕರೆಯುವಂತೆ ಕರೆದೆ. ಗುಡ್ಡದ ತುಂಬ ಕೇಳಿಸಿತು. ಆಕೆ ನಿಂತಲ್ಲೇ ಹುಲ್ಲಿನ ಮೇಲೆ ಕೂತರು. ಎರಡೂ ಕೈಗಳನ್ನು ನೆಲಕ್ಕೆ ಊರಿ, ಎತ್ತ ನೋಡಬೇಕೆಂದು ತಿಳಿಯದೆ ಆ ಮೂಲೆಯ ಉದ್ದಕ್ಕೂ ನೋಡುತ್ತ ಹೇಳಿದರು:

"ಇಲ್ಲಿದ್ದೇನೆ ಮಗಾ. ಅಮ್ಮ ಇಲ್ಲಿದ್ದೇನೆ."