ಮಾತಾಡುತ್ತ ಮುಗಿದ ಓಟ

ಸರ್ಕಾರಿ ಕಾರ್ಖಾನೆಯಲ್ಲಿ ಲೇತ್ ಯಂತ್ರ ನಡೆಸಿ ನಿವೃತ್ತರಾದ ಗೋಪಾಲಕೃಷ್ಣರಿಗೆ ಪೀಣ್ಯದ ಸುತ್ತಮುತ್ತ ಗುರುತಿಲ್ಲದ ಮುಖವೇ ಇರಲಿಲ್ಲ. ಎದುರಾದವರನ್ನು "ತಿಂಡಿ ಆಯ್ತಾ?" ಎಂದು ಕೇಳದೆ ಮುಂದೆ ಹೋದರೆ ಅವರಿಗೆ ಏನೋ ತಪ್ಪು ಮಾಡಿದಂತಾಗುತ್ತಿತ್ತು.

ಓಟಕ್ಕೆ ಕಂಟಕವಾದದ್ದು ಈ ಗುಣವೇ. ಕಾರ್ಮಿಕರ ಸಂಘ ವರ್ಷಕ್ಕೊಮ್ಮೆ ನಡೆಸುವ ಹತ್ತು ಕಿಲೋಮೀಟರ್ ಓಟದಲ್ಲಿ ಅವರು ಉತ್ಸಾಹದಿಂದ ಹೊರಡುವರು. ರಾಜಗೋಪಾಲನಗರ ಬರುವಷ್ಟರಲ್ಲಿ ಒಬ್ಬರ ಮಗಳ ಮದುವೆ, ಇನ್ನೊಬ್ಬರ ಮಂಡಿನೋವು ವಿಚಾರಿಸುತ್ತ ನಿಂತುಬಿಡುವರು. ಆಮೇಲೆ, ಹಿಂದುಳಿದವರನ್ನು ಹತ್ತಿಸಿಕೊಂಡು ಬರುವ ವ್ಯಾನೇ ಗತಿ. ಅದರಿಂದ ಇಳಿಯುವಾಗ ಓಟ ಮುಗಿಯುವ ಮೈದಾನದಲ್ಲಿ ಏಳುವ ಗೇಲಿಯ ಚಪ್ಪಾಳೆ ಅವರ ಮನಸ್ಸನ್ನು ಬಹಳ ಚುಚ್ಚುತ್ತಿತ್ತು.

"ಈ ಸಲ ಕಾಲ ಮೇಲೆ ಬಂದ್ರೆ ಹೋಳಿಗೆ, ವ್ಯಾನಲ್ಲಿ ಬಂದ್ರೆ ಉಪ್ಪಿಟ್ಟು ಕಣ್ರೀ," ಎಂದರು ಮಡದಿ ಪಂಕಜಾ. "ದಾರೀಲಿ ಬಾಯಿ ಬಿಡಕೂಡದು, ಅಷ್ಟೇ."

ಭಾನುವಾರ ಬೆಳಿಗ್ಗೆ ಗೋಪಾಲಕೃಷ್ಣರು ತುಟಿ ಬಿಗಿದು ಓಡಿದರು. ಎಡಕ್ಕೊಂದು ಬಲಕ್ಕೊಂದು ನಮಸ್ಕಾರ ಹಾಕಿ, ಯಾರಾದರೂ ಬಾಯಿ ತೆರೆಯುವ ಮೊದಲೇ ದಾಟಿಬಿಟ್ಟರು. ಹೀಗೆ ತಪ್ಪಿಸಿಕೊಳ್ಳುವ ಭರದಲ್ಲಿ ವೇಗ ಮಿತಿಮೀರಿತು. ಲಗ್ಗೆರೆಯ ತಿರುವಿನಲ್ಲಿ ಏದುಸಿರು ಬಂತು, ಪಕ್ಕೆ ಹಿಡಿಯಿತು. ಹಿಂದಿನಿಂದ ವ್ಯಾನಿನ ಹಾರನ್ ಕೇಳಿಸಿತು.

ಅಲ್ಲಿನ ಕಾಫಿ ಅಂಗಡಿಯ ಮುಂದೆ ಶೇಖರಪ್ಪನವರು ನಿಂತಿದ್ದರು. ಕಾರ್ಖಾನೆಯಲ್ಲಿ ಪಕ್ಕದ ಲೇತ್ ಅವರದೇ.

"ಏನೋ ಗೋಪಾಲ, ಮಾತಾಡಿಸ್ದೆ ಹೋಗ್ತೀಯಾ? ಅಷ್ಟು ದೊಡ್ಡ ಮನುಷ್ಯ ಆಗ್ಬಿಟ್ಯಾ?"

ಗೋಪಾಲಕೃಷ್ಣರಿಗೆ ಬಾಯಿ ತಡೆಯಲಾಗಲಿಲ್ಲ, ಆದರೆ ಕಾಲು ನಿಲ್ಲಲಿಲ್ಲ.

"ನಿಂತ್ರೆ ಉಪ್ಪಿಟ್ಟು ಕಣೋ! ನೀನೇ ಬಾ!"

ಶೇಖರಪ್ಪನವರು ಪಂಚೆ ಎತ್ತಿ ಕಟ್ಟಿ, ಚಪ್ಪಲಿಯಲ್ಲೇ ಜೊತೆಗೆ ಓಡತೊಡಗಿದರು. "ಉಪ್ಪಿಟ್ಟಾ? ಯಾತಕ್ಕೋ?"

ಕಥೆಯನ್ನೆಲ್ಲ ಹೇಳಬೇಕಾದರೆ ಉಸಿರು ಉಳಿಯಬೇಕಲ್ಲ! ಗೋಪಾಲಕೃಷ್ಣರ ಹೆಜ್ಜೆ ತಾನಾಗಿಯೇ ತಗ್ಗಿತು. ಕಾರ್ಖಾನೆಯಲ್ಲಿಯೂ ಇಬ್ಬರೂ ದಿನವಿಡೀ ಹರಟುತ್ತಿದ್ದರು. ಒಮ್ಮೆಯೂ ಕೈ ನಿಂತದ್ದಿಲ್ಲ. ಕಣ್ಣು ಕೆಲಸದ ಮೇಲೆ, ಮಾತು ಪಕ್ಕದವನ ಜೊತೆಗೆ. ಈಗ ಕಣ್ಣು ರಸ್ತೆಯ ಮೇಲೆ ನೆಟ್ಟಿತು. ಮಾತು ತುಂಡಾಗುವಷ್ಟು ಏದುಸಿರು ಬಂದರೆ ನಿಧಾನ ಮಾಡುವರು, ಸರಾಗವಾದರೆ ತುಸು ಬಿರುಸಾಗುವರು. ಪಕ್ಕೆನೋವು ಯಾವಾಗ ಹೋಯಿತೋ ತಿಳಿಯಲಿಲ್ಲ. ಹಾರನ್ ದೂರವಾಯಿತು.

ಮೈದಾನದ ಬಾಗಿಲಲ್ಲಿ ಶೇಖರಪ್ಪನವರ ಚಪ್ಪಲಿ ಕಿತ್ತುಹೋಯಿತು. ಅದನ್ನು ಕೈಯಲ್ಲಿ ಹಿಡಿದೇ ಅವರು ಗೋಪಾಲಕೃಷ್ಣರ ಜೊತೆ ಮುಕ್ತಾಯದ ಗೆರೆ ದಾಟಿದರು.

ಪಂಕಜಾ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. "ದಾರಿಯುದ್ದಕ್ಕೂ ಮಾತಾಡ್ಕೊಂಡೇ ಬಂದ್ರಾ?"

"ಕಾಲ ಮೇಲೆ ಬಂದ್ನಲ್ಲೇ!" ಎಂದರು ಗೋಪಾಲಕೃಷ್ಣರು, ಬೆವರು ಒರೆಸುತ್ತ.

"ಅತ್ತಿಗೆ, ಅರ್ಧ ಓಟ ನಾನೂ ಓಡಿದೀನಿ. ನನಗೂ ಎರಡು ಹೋಳಿಗೆ," ಎಂದರು ಶೇಖರಪ್ಪನವರು.

ಪಂಕಜಾ ಡಬ್ಬಿಯ ಮುಚ್ಚಳ ತೆಗೆದರು. ಹೋಳಿಗೆಗೆ ಆಗಲೇ ತುಪ್ಪ ಸವರಿಯಾಗಿತ್ತು.