ತೇಯಕ್ಕನ ಆಮೆನ್

ಲಾಸ್ ಪೀಲಾಸ್ ಊರಿನ ಹೆಂಗಸರು ಭಾನುವಾರ ಒಲೆಯ ಮೇಲೆ ಬೀನ್ಸ್‌ಕಾಳು ಬೇಯಲಿಟ್ಟು ಧೈರ್ಯವಾಗಿ ಚರ್ಚಿಗೆ ಹೋಗುತ್ತಿದ್ದರು. ಅದು ದೇವರ ಮೇಲಿನ ಭರವಸೆಯಿಂದ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ತೇಯಕ್ಕನ ಮೇಲಿನ ಭರವಸೆ. ಪಾಸ್ಟರ್ ಅಬ್ದಿಯಾಸ್ ಪ್ರಸಂಗ ಶುರುಮಾಡಿ ಮುಕ್ಕಾಲು ಗಂಟೆಯಾಯಿತೆಂದರೆ ಎರಡನೇ ಬೆಂಚಿನಿಂದ ಅವಳು ಬೆನ್ನುಬೆನ್ನಿಗೆ ಮೂರು ಸಲ ಆಮೆನ್ ಎನ್ನುವಳು. ಮೂರನೆಯದಕ್ಕೆ ತಗಡಿನ ಚಾವಣಿಯ ಮೇಲಿನ ಪಾರಿವಾಳಗಳು ಹಾರುವವು, ಪಾಸ್ಟರು ಬೈಬಲ್ ಮುಚ್ಚುವರು, ಜನ ಮನೆ ಸೇರುವ ಹೊತ್ತಿಗೆ ಕಾಳು ಹದವಾಗಿ ಬೆಂದಿರುವುದು. ಇಪ್ಪತ್ತಾರು ವರ್ಷ ಹೀಗೇ ನಡೆದಿತ್ತು.

ಪೂರ್ತಿ ಹೆಸರು ದೊರೊತೇಯಾ. ಗುಬ್ಬಚ್ಚಿಯಂಥ ಮೈ, ವಯಸ್ಸು ಅರವತ್ತೆಂಟು. ಆ ಗಂಟಲು ಹುಟ್ಟಿನಿಂದ ಬಂದದ್ದಲ್ಲ, ಗಂಡನಿಂದ ಬಂದದ್ದು. ಗಂಡ ಚೇಪೆ ಹೇಸರಗತ್ತೆಗಳ ಮೇಲೆ ಕಾಫಿ ಮೂಟೆ ಹೊರಿಸಿ ಬೆಟ್ಟ ಇಳಿಸುತ್ತಿದ್ದವನು. ಹಿಂದೊಮ್ಮೆ ಹಬ್ಬದಲ್ಲಿ ಕುಡಿದು ಬಾಣದ ಪಟಾಕಿ ಹಚ್ಚಲು ಹೋಗಿ ಎಡಗಿವಿಯನ್ನು ಪೂರ್ತಿ, ಬಲಗಿವಿಯನ್ನು ಅರ್ಧ ಕಳೆದುಕೊಂಡಿದ್ದ. ಅದಾದ ಮೇಲೆ ಕುಡಿತ ಬಿಟ್ಟು, ಹೆಂಡತಿಯ ಕೈ ಹಿಡಿದು ಅಬ್ದಿಯಾಸರ ಸಭೆಗೆ ಸೇರಿದ. ಪ್ರಸಂಗ ಅವನಿಗೆ ಕೇಳಿಸುತ್ತಿರಲಿಲ್ಲ. ಆದರೂ ಬಾಯಿ ಸುಮ್ಮನಿರಬೇಕಲ್ಲ, ತನಗೆ ತೋಚಿದಾಗ ಆಮೆನ್ ಎನ್ನುತ್ತಿದ್ದ.

ಒಂದು ಭಾನುವಾರ ಪಾಸ್ಟರು ಕಣ್ಣೊರೆಸಿಕೊಂಡು, ಆ ದಿನ ಬೆಳಗಿನ ಜಾವ ಊರಿನ ಹಿರಿಯ ತ್ರಾನ್ಸಿತೋ ತೀರಿಕೊಂಡರೆಂದು ತಿಳಿಸಿದರು. ಚೇಪೆ ಎದ್ದುನಿಂತು ಎರಡೂ ಕೈಯೆತ್ತಿ ಆಮೆನ್ ಎಂದ. ಆ ತ್ರಾನ್ಸಿತೋಗೂ ಚೇಪೆಗೂ ಬೇಲಿಯ ವಿಷಯಕ್ಕೆ ಒಂಬತ್ತು ವರ್ಷದ ಜಗಳವಿದ್ದದ್ದು ಊರಿಗೆಲ್ಲ ಗೊತ್ತಿತ್ತು. ಸತ್ತವನ ಹೆಂಡತಿ ಎರಡು ವರ್ಷ ಇವರ ಮುಖ ನೋಡಲಿಲ್ಲ.

ಅವತ್ತು ಮನೆಗೆ ಬಂದ ತೇಯಕ್ಕ ಗಂಡನನ್ನು ಸ್ಟೂಲಿನ ಮೇಲೆ ಕೂರಿಸಿದಳು. "ಇನ್ಮೇಲೆ ನಾನು ನಿನ್ ಕಿವೀಲಿ ಆಮೆನ್ ಅಂದ್ಮೇಲೇ ನೀನು ಅನ್ಬೇಕು. ಅಲ್ಲೀವರ್ಗೂ ತುಟಿ ಪಿಟಕ್ ಅನ್ಬಾರ್ದು."

ಚೇಪೆ ಒಪ್ಪಿದ. ಆದರೆ ಅವನ ಅರ್ಧ ಕಿವಿ ವರ್ಷ ವರ್ಷಕ್ಕೆ ಕಾಲಾಯಿತು, ಕಾಲು ಕಿವಿ ಬರೀ ಲೆಕ್ಕಕ್ಕಾಯಿತು. ಅದು ಇಳಿದಷ್ಟೂ ಹೆಂಡತಿಯ ಗಂಟಲು ಏರಿತು. ಎಂಟು ವರ್ಷದ ಹಿಂದೆ ಚೇಪೆ ತೀರಿಕೊಂಡ. ಗಂಟಲು ಮಾತ್ರ ಏರಿದಲ್ಲಿಂದ ಇಳಿಯಲಿಲ್ಲ.

ಪಾಸ್ಟರ್ ಅಬ್ದಿಯಾಸ್ ಮೊದಲು ಬಡಗಿಯಾಗಿದ್ದವರು. ಒಳ್ಳೆಯ ಮನುಷ್ಯ. ಪ್ರಸಂಗ ಶುರು ಮಾಡುವುದು ಅವರಿಗೆ ಬರುತ್ತಿತ್ತು, ಮುಗಿಸುವುದು ಬರುತ್ತಿರಲಿಲ್ಲ. ಆ ಕೆಲಸವನ್ನು ತೇಯಕ್ಕನಿಗೆ ಬಿಟ್ಟಿದ್ದರು. ಇದನ್ನು ಅವರಿಬ್ಬರೂ ಯಾವತ್ತೂ ಬಾಯಿಬಿಟ್ಟು ಮಾತಾಡಿಕೊಂಡಿರಲಿಲ್ಲ.

ಇದರ ಮಧ್ಯೆ ಬಂದವನು ಯೆರ್ಸನ್, ಪಾಸ್ಟರ ಅಳಿಯ. ಮೊಬೈಲ್ ರಿಪೇರಿ ಅಂಗಡಿಯವನು. ಅರ್ಧ ಊರು ಸ್ಪೇನಿನಲ್ಲೋ ಅಮೆರಿಕದಲ್ಲೋ ದುಡಿಯುತ್ತಿರುವಾಗ ಆರಾಧನೆಯನ್ನು ಫೋನಿನಲ್ಲಿ ಲೈವ್ ತೋರಿಸೋಣ ಎಂದು ಹೊರಟ. ಎರಡನೇ ಬೆಂಚಿನ ಪಕ್ಕ ಮೂರು ಕಾಲಿನ ಸ್ಟ್ಯಾಂಡಿಟ್ಟ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡ. ತೇಯಕ್ಕನ ಮೊದಲ ಆಮೆನ್ನಿಗೆ ಅದನ್ನು ಕಿತ್ತೆಸೆದ. ನಾಲ್ಕು ವಾರ ಸಹಿಸಿಕೊಂಡವನು ಐದನೆಯ ವಾರ ಅವಳ ಮನೆಗೆ ಬಂದ.

"ತೇಯಮ್ಮಾ, ತಪ್ಪು ತಿಳ್ಕೋಬೇಡಿ. ನಿಮ್ಮ ಆಮೆನ್ ಮೈಕಿಗೆ ತಡ್ಕೊಳೋಕಾಗ್ತಿಲ್ಲ."

"ಯಾಕೆ, ಅದಕ್ಕೇನ್ ಕಾಯ್ಲೆ?"

"ಕಾಯ್ಲೆ ಇಲ್ಲ. ನೀವು ಅಂದ್ರೆ ಫೋನಲ್ಲಿ ಸದ್ದು ತೋರ್ಸೋ ಗೆರೆ ಕೆಂಪಾಗಿ ತುದೀತನಕ ಹೋಗ್ಬಿಡುತ್ತೆ, ಶಬ್ದ ಒಡೆದುಹೋಗುತ್ತೆ. ಯಾರೋ ಒಬ್ರು, 'ಅಲ್ಲಿ ಯಾರ್ನ ಹೊಡೀತಿದಾರೆ' ಅಂತ ಬರ್ದಿದಾರೆ."

"ಮೆತ್ತಗೆ ಅನ್ಲಾ ಹಂಗಾದ್ರೆ?"

"ನಿಮ್ಗೆ ಮೆತ್ತಗೆ ಬರಲ್ಲ, ಅಮ್ಮಾ. ಮನಸ್ಸಲ್ಲೇ ಅಂದ್ಕೊಳ್ಳಿ. ದೇವ್ರಿಗೆ ಕೇಳ್ಸುತ್ತೆ."

"ದೇವ್ರಿಗೆ ಕೇಳ್ಸುತ್ತಪ್ಪ, ಅವ್ನ ಕಿವಿಗೇನಾಗಿದೆ" ಎಂದಳು ತೇಯಕ್ಕ. "ಆಯ್ತು. ಬಾಯಿಗೆ ಬೀಗ ಹಾಕ್ಕೋತೀನಿ. ಬೀಗದ ಕೈ ನಿನ್ ಹತ್ರಾನೇ ಇರ್ಲಿ."

ಅವನು ಹೋದ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ, ನಾಚಿಕೆಯಾಯಿತು. ಇಷ್ಟು ವರ್ಷ ಎಲ್ಲರಿಗೂ ತೊಂದರೆ ಕೊಟ್ಟೆನೇನೋ ಎಂದುಕೊಂಡಳು. ಮನೆಯಲ್ಲಿ ಮಾತಾಡಲು ಕೋಳಿಗಳು ಬಿಟ್ಟರೆ ಯಾರೂ ಇಲ್ಲ. ವಾರಕ್ಕೊಮ್ಮೆ ಬಾಯಿತುಂಬ ಆಡುವ ಆ ಒಂದೇ ಮಾತೂ ಹೋಯಿತಲ್ಲ ಎಂದು ಎಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಭಾನುವಾರ ಬಾಯಲ್ಲಿ ಪೆಪ್ಪರ್ಮೆಂಟ್ ಇಟ್ಟುಕೊಂಡು ಕೂತಳು. ಅಂದಿನ ಪ್ರಸಂಗ ಯೆರಿಕೋ ಪಟ್ಟಣದ ಗೋಡೆ. ದೇವಜನರು ಏಳು ಸುತ್ತು ಸುತ್ತಿ ಜೋರಾಗಿ ಆರ್ಭಟಿಸಿದರೆ ಗೋಡೆ ತಾನಾಗಿ ಬೀಳಬೇಕು. ಪಾಸ್ಟರು ಉತ್ಸಾಹದಿಂದ ಸುತ್ತತೊಡಗಿದರು. ಮುಕ್ಕಾಲು ಗಂಟೆಗೆ ಏಳನೇ ಸುತ್ತು ಮುಗಿಸಿ ಎರಡನೇ ಬೆಂಚಿನತ್ತ ನೋಡಿದರು. ತೇಯಕ್ಕ ಪೆಪ್ಪರ್ಮೆಂಟನ್ನು ಈ ದವಡೆಯಿಂದ ಆ ದವಡೆಗೆ ಹಾಕಿಕೊಂಡಳು. ಪಾಸ್ಟರು ತಬ್ಬಿಬ್ಬಾಗಿ ಎಂಟನೇ ಸುತ್ತಿಗೆ ಹೊರಟರು. ಪವಿತ್ರ ಗ್ರಂಥದಲ್ಲಿ ಎಂಟನೇ ಸುತ್ತಿಲ್ಲ. ಅವರಾದರೂ ಏನು ಮಾಡಿಯಾರು, ಕೂಗದೆ ಗೋಡೆ ಬೀಳುವಂತಿರಲಿಲ್ಲ.

ಹನ್ನೊಂದನೇ ಸುತ್ತಿಗೆ ಯಾರ ಮನೆಯದೋ ಕಾಳು ಸೀದ ವಾಸನೆ ಬಂತು. ಹಿಂದಿನ ಬೆಂಚಿನವಳು ಬೆನ್ನಿಗೆ ತಿವಿದಳು. "ತೇಯಕ್ಕಾ, ಆಮೆನ್ ಅನ್ನೇ ಮಾರಾಯ್ತಿ. ನನ್ ಪಾತ್ರೆ ಹೋಯ್ತು."

"ಬೀಗದ ಕೈ ಯೆರ್ಸನ್ ಹತ್ರ ಇದೆ, ಅವ್ನ ಕೇಳು."

ಎರಡು ಗಂಟೆ ಇಪ್ಪತ್ತು ನಿಮಿಷವಾದ ಮೇಲೆ ಪಾಸ್ಟರು ಬೆವರೊರೆಸಿಕೊಂಡು, ಗೋಡೆಯನ್ನು ನಿಂತ ಹಾಗೇ ಬಿಟ್ಟು, ಪ್ರಾರ್ಥನೆ ಮಾಡೋಣ ಎಂದರು. ಆರು ಮನೆಗಳಿಂದ ಹೊಗೆ ಏಳುತ್ತಿತ್ತು.

ಆದರೆ ದೊಡ್ಡ ಅನಾಹುತ ಫೋನಿನಲ್ಲಿ ನಡೆದಿತ್ತು. ತೇಯಕ್ಕನ ಪಕ್ಕದ ಮನೆಯ ಹುಡುಗಿ ಮರ್ಲೆನ್ ಸ್ಪೇನಿನ ಸರಗೋಸಾದಲ್ಲಿ ವೃದ್ಧರ ಆರೈಕೆ ಮಾಡುವವಳು. ಅವಳು ಮೊದಲು ಬರೆದಳು: "ತೇಯಮ್ಮ ಎಲ್ಲಿ, ಆಮೆನ್ ಕೇಳಿಸ್ತಿಲ್ಲ?" ಗೆರೆ ಕೆಂಪಾಗಲಿಲ್ಲವೆಂಬ ಖುಷಿಯಲ್ಲಿದ್ದ ಯೆರ್ಸನ್ ಅದನ್ನು ಓದಲಿಲ್ಲ. ಇನ್ನೊಬ್ಬರು "ಹುಷಾರಿಲ್ವಾ" ಎಂದರು. ಮತ್ತೊಬ್ಬರು ಕೈಮುಗಿದ ಚಿತ್ರ ಹಾಕಿದರು. ಅದನ್ನು ನೋಡಿದವರು "ದೇವರು ಆತ್ಮಕ್ಕೆ ಶಾಂತಿ ಕೊಡಲಿ" ಎಂದು ಬರೆದರು. ತೇಯಕ್ಕ ಬದುಕಿದ್ದೂ ಸುಮ್ಮನೆ ಕೂರುತ್ತಾಳೆಂದು ಯಾರ ತಲೆಗೂ ಹೊಳೆಯಲಿಲ್ಲ. ಸುದ್ದಿ ಸಮುದ್ರ ದಾಟಿ ಹೋಗಿ, ಹಾಗೇ ತಿರುಗಿ ಪಕ್ಕದ ಊರಿಗೆ ಬಂತು.

ಸಂಜೆ ನಾಲ್ಕಕ್ಕೆ ಪಕ್ಕದ ಊರಿನ ಐದು ಮಂದಿ ಹೆಂಗಸರು ಕಪ್ಪು ಶಾಲು ಹೊದ್ದು, ಸಾವಿನ ಮನೆಗೆ ಒಯ್ಯುವ ಕಾಫಿಪುಡಿ, ಸಕ್ಕರೆ, ಸಿಹಿ ಬ್ರೆಡ್ಡು ಹಿಡಿದು ಅವಳ ಬಾಗಿಲು ತಟ್ಟಿದರು. ತೇಯಕ್ಕ ಸೀದ ಪಾತ್ರೆ ಕೆರೆಯುತ್ತಲೇ ಬಾಗಿಲು ತೆಗೆದಳು.

"ಅಯ್ಯೋ, ಯಾರು ಹೋದ್ರು?"

ಐವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಹಿರಿಯವಳು ಹೇಳಿದಳು: "ನೀನೇ."

"ನಂಗ್ಯಾರೂ ಹೇಳ್ಲೇ ಇಲ್ವಲ್ಲ" ಎಂದಳು ತೇಯಕ್ಕ. "ಬನ್ನಿ ಒಳಗೆ. ತಂದ ಕಾಫಿ ವಾಪಸ್ ತಗೊಂಡು ಹೋದ್ರೆ ಒಳ್ಳೇದಲ್ಲ."

ಹಾಗೆ ತನ್ನ ಸಾವಿಗೆ ತಾನೇ ಕಾಫಿ ಕಾಸಿದಳು. ಅಷ್ಟರಲ್ಲಿ ಸುದ್ದಿ ಕೇಳಿ ಪಾಸ್ಟರೂ ಯೆರ್ಸನ್ನೂ ಏದುಸಿರು ಬಿಡುತ್ತ ಬಂದರು.

"ತೇಯಕ್ಕಾ, ನನ್ನೊಬ್ನೇ ಯೆರಿಕೋಲಿ ಬಿಟ್ಟು ಬಂದ್ಬಿಟ್ರಲ್ಲ" ಎಂದರು ಪಾಸ್ಟರು. ಅವರ ಕಣ್ಣಲ್ಲಿ ನೀರಿತ್ತು.

ಯೆರ್ಸನ್ ಫೋನಿನಲ್ಲಿ ಬಂದಿದ್ದನ್ನೆಲ್ಲ ಓದಿ ಹೇಳಿದ, ತಪ್ಪಾಯಿತೆಂದ. ಆದರೂ ಹುಟ್ಟುಗುಣ ಬಿಡುತ್ತದೆಯೇ, ತಲೆ ಕೆರೆದುಕೊಂಡು ಕೇಳಿದ: "ಚೇಪೆ ಅವ್ರಿಗೋಸ್ಕರ ಜೋರಾಗಿ ಅಂತಿದ್ರಿ, ಸರಿ. ಅವ್ರು ಹೋಗಿ ಎಂಟು ವರ್ಷ ಆಯ್ತಲ್ಲ ಅಮ್ಮಾ. ಈಗ ಒಂಚೂರು ಕಮ್ಮಿ ಮಾಡ್ಬಾರ್ದಾ?"

ತೇಯಕ್ಕ ಅವನ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದಳು.

"ಆವಾಗ ಪಕ್ಕದಲ್ಲೇ ಕೂತಿರ್ತಿದ್ದ ಕಣಪ್ಪ. ಈಗ ಎಷ್ಟು ದೂರ ಹೋಗಿದಾನೆ ನೋಡು. ನಾನು ಹೇಳ್ದೆ ಇದ್ರೆ, ಅಲ್ಲೂ ತಪ್ಪು ಜಾಗದಲ್ಲಿ ಆಮೆನ್ ಅಂದ್ಬಿಟ್ರೆ?"

ಯೆರ್ಸನ್ ಕಾಫಿ ತಣ್ಣಗಾದ ಮೇಲೂ ಊದುತ್ತಲೇ ಇದ್ದ.

ಮುಂದಿನ ಭಾನುವಾರ ಸ್ಟ್ಯಾಂಡು ಕೊನೆಯ ಬೆಂಚಿನ ಹಿಂದೆ, ಬಾಗಿಲ ಹತ್ತಿರ ಹೋಗಿತ್ತು. ಪಾಸ್ಟರು ಮತ್ತೆ ಯೆರಿಕೋವನ್ನೇ ಎತ್ತಿಕೊಂಡರು, ಬಾಕಿಯಿದ್ದ ಗೋಡೆ ಬೀಳಿಸಬೇಕಿತ್ತು. ಮುಕ್ಕಾಲು ಗಂಟೆಗೆ ಸರಿಯಾಗಿ ಎರಡನೇ ಬೆಂಚಿನಿಂದ ಒಂದು, ಎರಡು, ಮೂರು. ಪಾರಿವಾಳಗಳು ಹಾರಿದವು, ಗೋಡೆ ಬಿತ್ತು, ಹೆಂಗಸರು ಚೀಲ ಎತ್ತಿಕೊಂಡರು. ಅಷ್ಟು ದೂರದಲ್ಲೂ ಕೆಂಪು ಗೆರೆ ತುದಿಗೆ ಹೋಗಿತ್ತು. ಯೆರ್ಸನ್ ಸುಮ್ಮನೆ ಹೆಡ್‌ಫೋನ್ ತೆಗೆದು ಕೊರಳಿಗೆ ಹಾಕಿಕೊಂಡ.

ಸರಗೋಸಾದಿಂದ ಮರ್ಲೆನ್ ಒಂದೇ ಮಾತು ಬರೆದಿದ್ದಳು. ಬಾಗಿಲ ಬಳಿ ಯೆರ್ಸನ್ ಅದನ್ನು ತೇಯಕ್ಕನಿಗೆ ಓದಿ ಹೇಳಿದ.

"'ಕೇಳಿಸ್ತು' ಅಂತ ಬಂದಿದೆ, ಅಮ್ಮಾ."

ಬರೆದವರು ಯಾರೆಂದು ತೇಯಕ್ಕ ಕೇಳಲಿಲ್ಲ. ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡು, ಕಾಳು ನೋಡಲು ಮನೆಯ ಕಡೆ ನಡೆದಳು.